ದಾದಿಯರ ಸಂಘವೂ ಎಳೆಯ ದಾದಿಯರೂ

(ಫೆಲೋಶಿಪ್‌ನ ವಾರ್ಷಿಕ ಕೂಟದಲ್ಲಿ ನಿವೃತ್ತ ನರ್ಸಿಂಗ್ ಸೂಪರಿಂಟೆಂಡೆಂಟ್ ಒಬ್ಬರು ಮಾಡಿದ ಭಾಷಣ)



ಭಾಷಣ ಮಾಡಿ ಅಭ್ಯಾಸವಿಲ್ಲದವಳನ್ನು ನೀವು ಇಲ್ಲಿ ತಂದು ನಿಲ್ಲಿಸಿದ್ದೀರಿ. ವಾರ್ಡಿನಲ್ಲಿ ವರದಿ ಒಪ್ಪಿಸುವುದೊಂದೇ ನನಗೆ ಗೊತ್ತಿರುವ ಭಾಷಣ. ಪಾಳಿ ಮುಗಿಸಿ ಹೋಗುವವಳು ಪಾಳಿಗೆ ಬಂದವಳಿಗೆ ಯಾವ ಹಾಸಿಗೆಯಲ್ಲಿ ಯಾರಿದ್ದಾರೆ, ಯಾರಿಗೆ ಜ್ವರ ಬಿಟ್ಟಿಲ್ಲ, ಯಾರ ಡ್ರಿಪ್ ಎಷ್ಟು ಹೊತ್ತಿಗೆ ಮುಗಿಯುತ್ತದೆ ಎಂದು ಹೇಳಿ ಹೋಗಬೇಕು. ತಾನು ಮಾಡದೆ ಬಿಟ್ಟ ಕೆಲಸವನ್ನೂ ಹೇಳಬೇಕು, ಅಡಗಿಸಬಾರದು. ನನ್ನ ಇಂದಿನ ಮಾತನ್ನೂ ಹಾಗೆಯೇ ತೆಗೆದುಕೊಳ್ಳಬೇಕೆಂದು ಬೇಡುತ್ತೇನೆ.

ಕಳೆದ ವರ್ಷ ನಮ್ಮ ದಾದಿಯರ ಸಂಘದ ಮಹಾಸಭೆ ನಡೆಯಿತು. ನಮ್ಮದು ಚಿಕ್ಕ ಸಂಘ. ಕಾಸರಗೋಡು, ಮಂಜೇಶ್ವರ ಕಡೆಯ ಕನ್ನಡದವರೇ ಅದರಲ್ಲಿ ಹೆಚ್ಚು. ವರದಿ ಓದಿದೆವು, ಲೆಕ್ಕ ಒಪ್ಪಿಸಿದೆವು, ನಿವೃತ್ತರಾದ ನಾಲ್ವರಿಗೆ ಶಾಲು ಹೊದೆಸಿದೆವು. ಸೇರಿದವರು 31 ಮಂದಿ. ನಾನು ಹಿಂದಿನ ಬೆಂಚಿನಲ್ಲಿ ಕೂತು ಸುಮ್ಮನೆ ಒಬ್ಬೊಬ್ಬರ ಪ್ರಾಯ ಲೆಕ್ಕ ಹಾಕಿದೆ. ಎಲ್ಲರಿಗಿಂತ ಕಿರಿಯವಳಿಗೆ 46. ಊಟದ ಹೊತ್ತಿಗೆ ಎಲ್ಲರ ಬಾಯಲ್ಲೂ ಒಂದೇ ಮಾತು: “ಈಗಿನ ಮಕ್ಕಳಿಗೆ ಸಂಘ ಬೇಡ, ಮೊಬೈಲ್ ಒಂದಿದ್ದರೆ ಸಾಕು.” ನಾನೂ ತಲೆಯಾಡಿಸಿದೆ. ಮನೆಗೆ ಬಂದು ಯೋಚಿಸಿದಾಗ ಆ ಮಾತು ಸುಳ್ಳೆಂದು ತೋರಿತು. ಅದು ಸುಳ್ಳೆಂದು ಹೇಳುವುದಕ್ಕೇ ಈ ದಿನ ಎದ್ದು ನಿಂತಿದ್ದೇನೆ.

2011ರ ಸಂಗತಿ ನಿಮಗೆ ನೆನಪಿರಬಹುದು. ಆ ವರ್ಷದ ಅಕ್ಟೋಬರಿನಲ್ಲಿ ಮುಂಬಯಿಯಲ್ಲಿ ಕೆಲಸಕ್ಕಿದ್ದ ಕೇರಳದ ಒಬ್ಬ ಎಳೆಯ ನರ್ಸ್ ಪ್ರಾಣ ಕಳೆದುಕೊಂಡಳು. ಬಾಂಡ್ ಮತ್ತು ಸರ್ಟಿಫಿಕೇಟಿನ ಪ್ರಶ್ನೆ ಆಗ ಊರೂರಲ್ಲಿ ಎದ್ದಿತು. ಮುಂಬಯಿಯಲ್ಲಿ, ದೆಹಲಿಯಲ್ಲಿ, ಆಮೇಲೆ ಕೇರಳದ ಆಸ್ಪತ್ರೆಗಳಲ್ಲಿ ನರ್ಸುಗಳು ಕೆಲಸ ನಿಲ್ಲಿಸಿ ಗೇಟಿನ ಮುಂದೆ ಕೂತರು. ಅದೇ ವರ್ಷದ ಕೊನೆಗೆ ಕೇರಳದಲ್ಲಿ ಯುನೈಟೆಡ್ ನರ್ಸಸ್ ಅಸೋಸಿಯೇಷನ್ ಹುಟ್ಟಿತು. ಕಟ್ಟಿದವರು ಇಪ್ಪತ್ತು ಇಪ್ಪತ್ತೈದು ಮೂವತ್ತು ಪ್ರಾಯದವರು. ಕಚೇರಿ ಇಲ್ಲ, ಕುರ್ಚಿ ಇಲ್ಲ. ರಾತ್ರಿ ಪಾಳಿಯ ನಡುವೆ ಫೇಸ್‌ಬುಕ್ಕಿನಲ್ಲಿ, ಫೋನಿನಲ್ಲಿ ಸುದ್ದಿ ಹರಿಯುತ್ತಿತ್ತು. ಯಾವ ಮೊಬೈಲನ್ನು ನಾವು ಬೈಯುತ್ತೇವೋ ಅದರಲ್ಲಿಯೇ ಅವರು ಸಂಘ ಕಟ್ಟಿದರು. ಸಂಘ ಬೇಡದವರು ಹೀಗೆ ಮಾಡುತ್ತಾರೆಯೇ? ಅವರಿಗೆ ಬೇಡವಾದದ್ದು ನಮ್ಮ ಸಂಘ. ಏಕೆ ಬೇಡವಾಯಿತು ಎಂದು ಅವರನ್ನು ಕೇಳುವ ಮೊದಲು ನಮ್ಮನ್ನೇ ಕೇಳಿಕೊಳ್ಳಬೇಕು.

ನಮ್ಮ ವೃತ್ತಿಯ ಸಂಘಗಳ ಕಥೆ ಹಳೆಯದು. 1905ರಲ್ಲಿ ಲಕ್ನೋದಲ್ಲಿ ಬೆರಳೆಣಿಕೆಯ ಯುರೋಪಿಯನ್ ನರ್ಸಿಂಗ್ ಸೂಪರಿಂಟೆಂಡೆಂಟರು ಕೂಡಿ ತಮ್ಮದೊಂದು ಸಂಘ ಮಾಡಿಕೊಂಡರು. 1908ರಲ್ಲಿ ಟ್ರೇನ್ಡ್ ನರ್ಸಸ್ ಅಸೋಸಿಯೇಷನ್ ಬಂತು. 1910ರಲ್ಲಿ ನರ್ಸಿಂಗ್ ಜರ್ನಲ್ ಆಫ್ ಇಂಡಿಯಾ ಎಂಬ ಪತ್ರಿಕೆ ಹೊರಟಿತು. 1922ರಲ್ಲಿ ಎರಡು ಸಂಘಗಳೂ ಒಂದಾದವು. ಆಗಿನ ಕಾಲದಲ್ಲಿ ಒಳ್ಳೆಯ ಮನೆಯ ಹೆಣ್ಣುಮಕ್ಕಳು ದಾದಿಯರಾಗುವುದು ಅವಮಾನ ಎಂದು ಊರು ತಿಳಿದಿತ್ತು. ಮಿಷನ್ ಆಸ್ಪತ್ರೆಗಳಲ್ಲಿ ಕ್ರೈಸ್ತ ಹುಡುಗಿಯರೇ ಮೊದಲು ಆ ಕೆಲಸಕ್ಕೆ ಬಂದವರು. ಇದು ತರಬೇತಿ ಬೇಕಾದ ವೃತ್ತಿ, ಇದಕ್ಕೆ ನೋಂದಣಿ ಬೇಕು, ಪಾಠಕ್ರಮ ಬೇಕು, ಮರ್ಯಾದೆ ಬೇಕು ಎಂದು ಆ ಸಂಘದವರು ಹಟ ಹಿಡಿದು ಬರೆಯುತ್ತಾ ಬಂದರು. ಇಂದು ನಮ್ಮ ಹೆಸರಿನ ಮುಂದೆ ರಿಜಿಸ್ಟರ್ ನಂಬರ್ ಇರುವುದರ ಹಿಂದೆ ಆ ಹಟವೂ ಉಂಟು.

1929ರಲ್ಲಿ ಇನ್ನೊಂದು ಜಾಣತನದ ಕೆಲಸವಾಯಿತು. ಕಲಿಯುತ್ತಿರುವವರಿಗಾಗಿಯೇ ಸ್ಟೂಡೆಂಟ್ ನರ್ಸಸ್ ಅಸೋಸಿಯೇಷನ್ ಸ್ಥಾಪಿಸಿದರು. ನಾನು 1979ರಲ್ಲಿ ತರಬೇತಿಗೆ ಸೇರಿದಾಗ ನಾನೂ ಅದರ ಸದಸ್ಯಳಾದೆ. ಆಗ ಚಿತ್ರ ಬರೆದೆವು, ಹಾಡಿದೆವು, ಹಳ್ಳಿಗೆ ಹೋಗಿ ಭೇದಿಗೆ ಉಪ್ಪು ಸಕ್ಕರೆಯ ನೀರು ಮಾಡುವುದನ್ನು ಕಲಿಸಿದೆವು. ಚರ್ಚಾಕೂಟದಲ್ಲಿ ನನಗೊಂದು ಸ್ಟೀಲಿನ ಲೋಟ ಬಹುಮಾನ ಬಂತು. ಈಗಲೂ ಅದರಲ್ಲಿ ಕಾಫಿ ಕುಡಿಯುತ್ತೇನೆ. ಮೂರೂವರೆ ವರ್ಷ ಹೀಗೆ. ಆಮೇಲೆ ಪರೀಕ್ಷೆ ಮುಗಿಯಿತು, ದೀಪ ಹಿಡಿದು ಪ್ರತಿಜ್ಞೆ ಮಾಡಿ ಹೊರಬಿದ್ದೆವು. ಹೊರಬಿದ್ದ ಮೇಲೆ?

ನನ್ನ ಮೊದಲ ಕೆಲಸ ಮನೆಯಿಂದ ದೂರದ ಊರಿನಲ್ಲಿ. ಮೊದಲ ತಿಂಗಳ ಸಂಬಳದಲ್ಲಿ ಊಟಕ್ಕೆ, ವಸತಿಗೆ, ಒಡೆದ ಥರ್ಮಾಮೀಟರಿಗೆ ಎಂದು ಕಳೆದು ಕೈಗೆ ಕೊಟ್ಟದ್ದು ಮನಿಯಾರ್ಡರ್ ಮಾಡಲಿಕ್ಕೂ ಸಾಲಲಿಲ್ಲ. ಥರ್ಮಾಮೀಟರಿನ ಹಣ ಹಿಡಿಯುವುದು ಸರಿಯೋ ತಪ್ಪೋ ಎಂದು ಕೇಳಲು ಒಬ್ಬರೂ ಇರಲಿಲ್ಲ. ವಿದ್ಯಾರ್ಥಿಗಳ ಸಂಘ ಹಿಂದೆ ಬಿಟ್ಟಿತ್ತು, ಹಿರಿಯರ ಸಂಘಕ್ಕೆ ಇನ್ನೂ ಯಾರೂ ಕರೆದಿರಲಿಲ್ಲ. ಆರು ವರ್ಷ ಕಳೆದು ಊರಿಗೆ ಬಂದ ಮೇಲೆ ಒಬ್ಬ ವಾರ್ಡ್ ಸಿಸ್ಟರ್ ನನ್ನನ್ನು ಕೈಹಿಡಿದು ನಮ್ಮ ಸಂಘಕ್ಕೆ ಕರೆದುಕೊಂಡು ಹೋದರು. ಆಗ ನನಗೆ ಕಷ್ಟಗಳು ಕಡಿಮೆಯಾಗಿದ್ದವು. ಇದು ಇಂಥ ಸಂಘದ ತಪ್ಪೆಂದು ಹೇಳುತ್ತಿಲ್ಲ. ವೃತ್ತಿಯಲ್ಲಿಯೇ ಇರುವ ಒಂದು ಹೊಂಡ ಅದು. ಶಾಲೆಯ ಬಾಗಿಲಿನಿಂದ ಮೊದಲ ಕೆಲಸದ ಮೂರು ನಾಲ್ಕು ವರ್ಷದವರೆಗಿನ ದಾರಿಯಲ್ಲಿ ಕಡಿಮೆ ಸಂಬಳವೂ ಬಾಂಡೂ ರಾತ್ರಿ ಪಾಳಿಯೂ ವಿದೇಶದ ಏಜೆಂಟನೂ ಒಟ್ಟಿಗೆ ಎದುರಾಗುತ್ತಾರೆ. ಆ ದಾರಿಯಲ್ಲಿ ನಾವು ಇರುವುದಿಲ್ಲ.

ನನ್ನ ಅಜ್ಜ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆಗೆ ದುಡಿಯಲು ಹೋದವರು. ಸಂಬಳದ ದಿನ ಗೇಟಿನ ಹತ್ತಿರ ನಿಂತು ಯೂನಿಯನ್ನಿನ ಚಂದಾ ಎತ್ತುತ್ತಿದ್ದರಂತೆ. ನಾಲ್ಕಾಣೆ ಕೊಟ್ಟವನ ಹೆಂಡತಿಗೆ ಹೆರಿಗೆಯಾಯಿತೋ, ಮೇಸ್ತ್ರಿ ಯಾರ ಮೇಲೆ ಕೈ ಮಾಡಿದ, ಯಾವ ಹೊಸ ಹುಡುಗನ ಕೈ ಯಂತ್ರಕ್ಕೆ ಸಿಕ್ಕಿತು, ಎಲ್ಲ ಅಲ್ಲಿಯೇ ತಿಳಿಯುತ್ತಿತ್ತು. ಚಂದಾದ ಜೊತೆಗೆ ಸುದ್ದಿಯೂ ಬರುತ್ತಿತ್ತು ಎನ್ನಿ. ನಮ್ಮಲ್ಲಿ ಆಜೀವ ಸದಸ್ಯತ್ವ ಎಂಬುದುಂಟು. ಒಮ್ಮೆ ಹಣ ಕಟ್ಟಿದರೆ ಆಯಿತು, ಆಮೇಲೆ ಯಾರೂ ಯಾರ ಮುಖವನ್ನೂ ನೋಡಬೇಕಾಗಿಲ್ಲ. ಖಜಾಂಚಿಗೆ ಅದು ಬಹಳ ಅನುಕೂಲ.

ಇನ್ನು ಒಬ್ಬ ಹುಡುಗಿಯ ವಿಷಯ ಹೇಳುತ್ತೇನೆ. ಬದಿಯಡ್ಕದ ಕಡೆಯವಳು, ತಂದೆಗೆ ಸ್ವಲ್ಪ ಅಡಿಕೆ, ತಾಯಿ ಬೀಡಿ ಕಟ್ಟುತ್ತಾರೆ. ಸಾಲ ಮಾಡಿ ಮಂಗಳೂರಿನಲ್ಲಿ ಬಿ.ಎಸ್ಸಿ. ನರ್ಸಿಂಗ್ ಓದಿಸಿದರು. ದೊಡ್ಡ ಪಟ್ಟಣದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ಎರಡು ವರ್ಷದ ಬಾಂಡಿಗೆ ಸಹಿ ಹಾಕಿಸಿಕೊಂಡು ಅಸಲು ಸರ್ಟಿಫಿಕೇಟುಗಳನ್ನೆಲ್ಲ ತೆಗೆದಿಟ್ಟುಕೊಂಡರು. ಹತ್ತು ತಿಂಗಳಾದಾಗ ತಾಯಿಗೆ ಆಪರೇಷನ್ ಆಯಿತು, ಊರಿಗೆ ಬರಲೇಬೇಕಾಯಿತು. ಐವತ್ತು ಸಾವಿರ ಕಟ್ಟಿ, ಸರ್ಟಿಫಿಕೇಟು ಕೊಂಡುಹೋಗಿ ಎಂದರು. ಸಾಲದ ಕಂತು ಕಟ್ಟಲಿಕ್ಕೇ ದಾರಿಯಿಲ್ಲದವರು ಐವತ್ತು ಸಾವಿರ ಎಲ್ಲಿಂದ ತರುವುದು?

ಅವಳು ನನ್ನ ಹತ್ತಿರ ಬಂದದ್ದು ಸಂಘದ ಮೂಲಕ ಅಲ್ಲ, ನೆರೆಮನೆಯವರೊಬ್ಬರು ಹೇಳಿ. ಎಲ್ಲವನ್ನೂ ಕೇಳಿದ ಮೇಲೆ, “ಮಗಾ, ನಮ್ಮ ಸಂಘ ಉಂಟಲ್ಲ, ಅಲ್ಲಿ ಏಕೆ ಹೇಳಲಿಲ್ಲ?” ಎಂದೆ. ಅವಳು ಮುಖ ನೋಡಿ, “ಸಂಘ ಅಂದರೆ ಮೇ 12ಕ್ಕೆ ಬ್ಯಾನರ್ ಕಟ್ಟಿ ನರ್ಸಸ್ ಡೇ ಮಾಡುವವರಲ್ವಾ ಆಂಟಿ? ಇಂಥದ್ದು ಕೂಡ ನೋಡುತ್ತಾರಾ?” ಎಂದಳು. ಕುಚೋದ್ಯಕ್ಕೆ ಹೇಳಿದ್ದಲ್ಲ. ಅವಳಿಗೆ ನಿಜವಾಗಿ ಗೊತ್ತಿರಲಿಲ್ಲ.

ಆ ಸಂಜೆ ಕಾರ್ಯದರ್ಶಿಯವರ ಮನೆಗೆ ಹೋಗಿ ಸಂಘದ ಲೆಟರ್‌ಹೆಡ್ಡಿನಲ್ಲಿ ಒಂದು ಪತ್ರ ಬರೆದೆವು. ಸರ್ಟಿಫಿಕೇಟು ಒತ್ತೆ ಇಟ್ಟುಕೊಳ್ಳುವ ವಸ್ತುವಲ್ಲ, ಹೈಕೋರ್ಟುಗಳೂ ಹಾಗೆ ಹೇಳಿದ್ದುಂಟು, ನಿಮಗೆ ಬರಬೇಕಾದ ಹಣವೇನಾದರೂ ಇದ್ದರೆ ಅದಕ್ಕೆ ಬೇರೆ ದಾರಿ ಇದೆ, ಸರ್ಟಿಫಿಕೇಟುಗಳನ್ನು ಮಾತ್ರ ಕೂಡಲೇ ಹಿಂದಿರುಗಿಸಿ ಎಂದು ಮರ್ಯಾದೆಯಿಂದಲೇ ಬರೆದೆವು. ಒಂದು ಪ್ರತಿಯನ್ನು ಲೇಬರ್ ಆಫೀಸರರಿಗೆ, ಇನ್ನೊಂದನ್ನು ನರ್ಸಿಂಗ್ ಕೌನ್ಸಿಲ್‌ಗೆ ಕಳುಹಿಸಿದೆವು. ಮೂರು ವಾರದಲ್ಲಿ ಸರ್ಟಿಫಿಕೇಟುಗಳು ರಿಜಿಸ್ಟರ್ಡ್ ಅಂಚೆಯಲ್ಲಿ ಬಂದವು. ಒಂದು ಕಾಸೂ ಕೊಡಲಿಲ್ಲ. ಎಲ್ಲ ಆಸ್ಪತ್ರೆಗಳವರೂ ಹೀಗೆ ಬಗ್ಗುತ್ತಾರೆಂದು ಹೇಳಲಾರೆ. ಆದರೆ ಒಬ್ಬ ಹುಡುಗಿ ಫೋನಿನಲ್ಲಿ ಅಳುವುದಕ್ಕೂ ಮುದ್ರೆಯಿರುವ ಕಾಗದಕ್ಕೂ ಎಷ್ಟು ವ್ಯತ್ಯಾಸ ಎಂಬುದನ್ನು ಕಂಡೆ.

ಅವಳು ಕೇಳಿದಳು: “ಇಂಥ ಪತ್ರ ನೀವು ಎಷ್ಟು ಬರೆದಿದ್ದೀರಿ ಆಂಟಿ?” ಮನೆಗೆ ಹೋಗಿ ಹಳೆಯ ಫೈಲು ತೆಗೆದು ನೋಡಿದೆ. ಶಾಮಿಯಾನದವರಿಗೆ ಬರೆದ ಪತ್ರ ಉಂಟು, ಸಭಾಂಗಣ ಕೇಳಿ ಬರೆದ ಪತ್ರ ಉಂಟು, ಮಂತ್ರಿಗಳನ್ನು ಉದ್ಘಾಟನೆಗೆ ಕರೆದ ಪತ್ರ ಉಂಟು. ಹನ್ನೊಂದು ವರ್ಷಗಳಲ್ಲಿ ಒಬ್ಬ ಸದಸ್ಯಳ ಕಷ್ಟಕ್ಕೆಂದು ಬರೆದ ಪತ್ರ ಇದೇ ಮೊದಲನೆಯದು.

ಈಗ ಮಾಡದೆ ಬಿಟ್ಟ ಕೆಲಸವಲ್ಲ, ಮಾಡಿದ ಕೆಲಸವೊಂದನ್ನು ಹೇಳಬೇಕು. ಹೇಳುವುದು ಕಷ್ಟ.

2012ರಲ್ಲಿ ನಾನು ಒಂದು ಆಸ್ಪತ್ರೆಯಲ್ಲಿ ಸೂಪರಿಂಟೆಂಡೆಂಟ್ ಆಗಿದ್ದೆ. ಅದೇ ಕಾಲಕ್ಕೆ ನಮ್ಮ ಸಂಘದ ಅಧ್ಯಕ್ಷಳೂ ಆಗಿದ್ದೆ. ಹುಡುಗಿಯರು ಸಂಬಳ ಹೆಚ್ಚಿಸಬೇಕೆಂದು ಮುಷ್ಕರದ ನೋಟೀಸು ಕೊಟ್ಟರು. ಆಡಳಿತದವರು ನನ್ನನ್ನು ಕರೆದು, ಇದರಲ್ಲಿ ಮುಂದಾಳುಗಳು ಯಾರು, ಹೆಸರು ಬರೆದುಕೊಡಿ ಎಂದರು. ನಾನು ಬರೆದುಕೊಟ್ಟೆ. ಆರು ಹೆಸರು. ಅದರಲ್ಲಿ ಇಬ್ಬರ ಕೆಲಸ ಮುಂದಿನ ವರ್ಷ ಮುಂದುವರಿಯಲಿಲ್ಲ. ರೋಗಿಗಳಿಗೆ ತೊಂದರೆಯಾಗಬಾರದು ಎಂದು ಮಾಡಿದೆ ಎಂದು ಆಗ ನನಗೆ ನಾನೇ ಹೇಳಿಕೊಂಡೆ. ಅರ್ಧ ನಿಜ. ಇನ್ನರ್ಧ, ನನ್ನ ಕುರ್ಚಿಯ ಭಯ. ಆ ಆರರಲ್ಲಿ ಒಬ್ಬಳೂ ಆಮೇಲೆ ನಮ್ಮ ಸಂಘದ ಸಭೆಗೆ ಬರಲಿಲ್ಲ. ಹೇಗೆ ಬರುತ್ತಾರೆ? ಡ್ಯೂಟಿ ಹಾಕುವವಳು, ರಜೆ ಕೊಡುವವಳು, ಮೆಮೋ ಬರೆಯುವವಳು, ಸಂಘದ ಅಧ್ಯಕ್ಷಪೀಠದಲ್ಲಿ ಕೂರುವವಳು, ನಾಲ್ವರೂ ಒಬ್ಬಳೇ ಆದರೆ ಅವಳ ಎದುರು ಎದ್ದು ನಿಂತು ಯಾವ ಹುಡುಗಿ ತನ್ನ ಕಷ್ಟ ಹೇಳಿಯಾಳು? “ಅದು ಸೂಪರಿಂಟೆಂಡೆಂಟರ ಸಂಘ” ಎಂದು ಹೊರಗಿನವರು ನಮ್ಮನ್ನು ಹಾಸ್ಯ ಮಾಡಿದಾಗ ನಮಗೆ ಸಿಟ್ಟು ಬರುತ್ತಿತ್ತು.

ನೀಲಗಿರಿಯಿಂದ, ವಯನಾಡಿನಿಂದ ಬಂದ ತೋಟದ ಸಹೋದರರು ಇಲ್ಲಿದ್ದೀರಿ. 2015ರ ಸೆಪ್ಟೆಂಬರಿನಲ್ಲಿ ಮುನ್ನಾರಿನಲ್ಲಿ ಏನಾಯಿತೆಂದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಚಹಾ ತೋಟದ ಹೆಂಗಸರು ಬೋನಸ್ಸಿಗಾಗಿ ದಾರಿಗೆ ಬಂದು ಕೂತರು. ತಮ್ಮವರೇ ಆದ ಯೂನಿಯನ್ ನಾಯಕರನ್ನು ಹತ್ತಿರ ಸೇರಿಸಲಿಲ್ಲ. ಪೆಂಬಿಳೈ ಒರುಮೈ ಎಂದು ತಮ್ಮದೇ ಹೆಸರಿಟ್ಟುಕೊಂಡರು. ಅಲ್ಲಿ ಪ್ರಶ್ನೆ ಪ್ರಾಯದ್ದಾಗಿರಲಿಲ್ಲ, ಆದರೆ ರೋಗ ಒಂದೇ.

ಇಲ್ಲಿ “ಸೇವೆ” ಎಂಬ ಮಾತಿನ ಬಗ್ಗೆಯೂ ಹೇಳಲೇಬೇಕು, ಏಕೆಂದರೆ ಇದು ನಮ್ಮ ಫೆಲೋಶಿಪ್. ಮುಷ್ಕರ ನಡೆದ ಆಸ್ಪತ್ರೆಗಳಲ್ಲಿ ಕ್ರೈಸ್ತ ಸಭೆಗಳ ಆಡಳಿತಕ್ಕೆ ಸೇರಿದವೂ ಇದ್ದವು. ಸಂಬಳ ಕೇಳಿದ ಹುಡುಗಿಗೆ, ಇದು ಸೇವೆ ಅಮ್ಮ, ಕೂಲಿಯ ಲೆಕ್ಕ ಹಾಕಬಾರದು ಎಂದು ಉತ್ತರ ಹೇಳಿದ ಹಿರಿಯರನ್ನು ನಾನು ಕಂಡಿದ್ದೇನೆ. ಅದೇ ಆಸ್ಪತ್ರೆಯಲ್ಲಿ ರೋಗಿಯ ಬಿಲ್ಲಿನಲ್ಲಿ ನರ್ಸಿಂಗ್ ಚಾರ್ಜ್ ಎಂದು ಪ್ರತ್ಯೇಕವಾಗಿ ಬರೆಯುತ್ತಿದ್ದರು! ಸೇವೆ ದೊಡ್ಡ ಮಾತು. ಅದನ್ನು ಸೇವೆ ಮಾಡುವವಳು ಹೇಳಿಕೊಳ್ಳಬೇಕು. ಸಂಬಳ ಕೊಡಬೇಕಾದವರ ಬಾಯಲ್ಲಿ ಅದು ಬೇರೆ ಅರ್ಥ ಕೊಡುತ್ತದೆ. ಎಳೆಯರು ಇದನ್ನು ಬೇಗ ಕಂಡುಹಿಡಿದರು, ನಮಗೆ ತಡವಾಯಿತು.

ಹಾಗಾದರೆ ಹಿರಿಯರ ಸಂಘ ಏನೂ ಮಾಡಲಿಲ್ಲವೋ? ಮಾಡಿತು. ಆದರೆ ಎಳೆಯರಿಗೆ ತಿಳಿಯಲಿಲ್ಲ. ಎಳೆಯರು ಗೇಟಿನ ಮುಂದೆ ಕೂತ ಅದೇ 2011ರಲ್ಲಿ ಟ್ರೇನ್ಡ್ ನರ್ಸಸ್ ಅಸೋಸಿಯೇಷನ್ ಆಫ್ ಇಂಡಿಯಾ ಸುಪ್ರೀಂ ಕೋರ್ಟಿಗೆ ಒಂದು ರಿಟ್ ಅರ್ಜಿ ಹಾಕಿತು. ನಾಲ್ಕು ವರ್ಷಕ್ಕೂ ಹೆಚ್ಚು ಅದು ನಡೆಯಿತು. 2016ರ ಜನವರಿ 29ರಂದು ಕೋರ್ಟು, ಖಾಸಗಿ ಆಸ್ಪತ್ರೆಗಳ ದಾದಿಯರ ಸಂಬಳ ಮತ್ತು ಕೆಲಸದ ಸ್ಥಿತಿಗತಿ ನೋಡಲು ಒಂದು ಸಮಿತಿ ಮಾಡಿ ಎಂದು ಕೇಂದ್ರ ಸರಕಾರಕ್ಕೆ ಹೇಳಿತು. ಸಮಿತಿಯ ಶಿಫಾರಸು ಹೀಗಿತ್ತು: 200ಕ್ಕಿಂತ ಹೆಚ್ಚು ಹಾಸಿಗೆಯ ಆಸ್ಪತ್ರೆಯಲ್ಲಿ ಸರಕಾರಿ ದಾದಿಯರಷ್ಟೇ ಸಂಬಳ, 100ಕ್ಕಿಂತ ಹೆಚ್ಚಿದ್ದರೆ ಅದಕ್ಕಿಂತ ಶೇಕಡಾ 10ರಷ್ಟು ಮಾತ್ರ ಕಡಿಮೆ ಇರಬಹುದು, 50ರಿಂದ 100ರವರೆಗೆ ಇದ್ದರೆ ಶೇಕಡಾ 25, ಐವತ್ತಕ್ಕಿಂತ ಕಡಿಮೆ ಹಾಸಿಗೆಯ ಚಿಕ್ಕ ಆಸ್ಪತ್ರೆಯಲ್ಲಿಯೂ ತಿಂಗಳಿಗೆ 20,000 ರೂಪಾಯಿಗೆ ಕಡಿಮೆಯಾಗಬಾರದು.

ಒಳ್ಳೆಯ ಕಾಗದ. ಆದರೆ ಕಾಗದ ಕಾಗದವಾಗಿಯೇ ಇತ್ತು. ಅದನ್ನು ಕೈಯಲ್ಲಿ ಹಿಡಿದು ದಾರಿಗೆ ಇಳಿದವರು ಎಳೆಯರು. 2017ರ ಜುಲೈಯಲ್ಲಿ ಕೇರಳದ ನರ್ಸುಗಳು ದೊಡ್ಡ ಚಳವಳಿ ಮಾಡಿದರು. ಅವರ ಬೇಡಿಕೆ ಹೊಸದೇನಲ್ಲ, ಆ ಶಿಫಾರಸಿನ 20,000ವೇ. ಸರಕಾರ ಒಪ್ಪಿತು, ಮತ್ತೆ ಎಳೆದಾಡಿತು, ಇವರು ಮತ್ತೆ ಎದ್ದರು, ಕೊನೆಗೆ 2018ರ ಏಪ್ರಿಲ್‌ನಲ್ಲಿ ಅಧಿಸೂಚನೆ ಹೊರಟಿತು. ಅರ್ಜಿ ಬರೆಯಲು, ವಕೀಲರನ್ನು ಹಿಡಿಯಲು, ಅಷ್ಟು ವರ್ಷ ತಾಳಲು ಹಳೆಯ ಸಂಘ ಬೇಕಾಯಿತು. ಬಿಸಿಲಿಗೆ ನಿಲ್ಲಲು ಎಳೆಯ ಕಾಲುಗಳು ಬೇಕಾದವು. ಎರಡೂ ಕಡೆಯವರು ಒಬ್ಬರ ಮುಖ ಒಬ್ಬರು ಸರಿಯಾಗಿ ನೋಡದೆಯೇ ಇಷ್ಟಾಯಿತು. ನೋಡಿದ್ದರೆ ಇನ್ನೂ ಬೇಗ ಆಗುತ್ತಿತ್ತೋ ಏನೋ.

ಎಳೆಯರ ಸಂಘಕ್ಕೂ ಕಷ್ಟ ತಪ್ಪಲಿಲ್ಲ. 2019ರಲ್ಲಿ ಆ ಸಂಘದ ಹಣದ ಬಗ್ಗೆ ಆರೋಪ ಎದ್ದು ಪೋಲೀಸು ತನಿಖೆಯಾಯಿತು. ಸರಿ ತಪ್ಪು ಹೇಳುವುದು ನನ್ನ ಕೆಲಸವಲ್ಲ. ಆದರೆ ನಮ್ಮಲ್ಲಿ ಕೆಲವರು ಅದನ್ನು ಕೇಳಿ, “ನೋಡಿದಿರಾ, ನಾವು ಹೇಳಿದ್ದೆವಲ್ಲ” ಎಂದು ಸಂತೋಷಪಟ್ಟದ್ದು ನನಗೆ ಹಿಡಿಸಲಿಲ್ಲ. ರಶೀದಿ ಪುಸ್ತಕ ಇಡುವುದು, ಪ್ರತಿ ತಿಂಗಳು ಲೆಕ್ಕ ಓದುವುದು, ಇಬ್ಬರ ಸಹಿ ಇಲ್ಲದೆ ಬ್ಯಾಂಕಿನಿಂದ ಹಣ ತೆಗೆಯದಿರುವುದು, ನಡಾವಳಿ ಬರೆಯುವುದು, ಇವೆಲ್ಲ ನಮಗೆ ಗೊತ್ತಿದ್ದ ವಿದ್ಯೆ. ಅದನ್ನು ಕಲಿಸಲು ನಾವು ಯಾರನ್ನೂ ಕರೆದಿರಲಿಲ್ಲ.

ಕಳೆದ ಮಹಾಸಭೆಯ ಮೇಲೆ ನಮ್ಮಲ್ಲಿ ಕೆಲವು ಬದಲಾವಣೆ ಮಾಡಿಕೊಂಡಿದ್ದೇವೆ. ದೊಡ್ಡ ಸಂಗತಿಗಳಲ್ಲ. ಮೊದಲನೆಯದಾಗಿ, ಸೂಪರಿಂಟೆಂಡೆಂಟ್ ಹುದ್ದೆಯಲ್ಲಿ ಇರುವವರು ಅಧ್ಯಕ್ಷ, ಕಾರ್ಯದರ್ಶಿ ಆಗಬಾರದೆಂದು ನಿಯಮ ಮಾಡಿದೆವು. ಇದಕ್ಕೆ ಬಹಳ ವಿರೋಧ ಬಂತು, ಇಬ್ಬರು ಎದ್ದುಹೋದರು, ಒಬ್ಬರು ಇನ್ನೂ ಮಾತು ಬಿಟ್ಟಿದ್ದಾರೆ. ಆಮೇಲೆ ಸಮಿತಿಯ ಒಂಬತ್ತು ಸ್ಥಾನದಲ್ಲಿ ನಾಲ್ಕು, ಕೆಲಸಕ್ಕೆ ಸೇರಿ ಐದು ವರ್ಷ ತುಂಬದವರಿಗೆ. ಅವರನ್ನು ಕುರ್ಚಿ ಹೊರಲಿಕ್ಕೆ, ನಾಡಗೀತೆ ಹಾಡಲಿಕ್ಕೆ ಕರೆದದ್ದಲ್ಲ. ಜಂಟಿ ಖಜಾಂಚಿ ಈಗ 26 ಪ್ರಾಯದ ಒಬ್ಬ ಹುಡುಗ. ಹೌದು, ಹುಡುಗ. ದಾದಿ ಎಂಬ ಪದಕ್ಕೆ ಪುಲ್ಲಿಂಗ ಏನು ಎಂದು ಅವನನ್ನು ಕಂಡು ನಾವು ನಗುವುದುಂಟು. ಅವನು ನಮ್ಮ ರಿಜಿಸ್ಟರ್ ತೆಗೆದು ನೋಡಿ ಮೊದಲು ಕೇಳಿದ್ದು: “ಇದರಲ್ಲಿ ಮನೆ ಹೆಸರು ಉಂಟು, ಅಂಚೆ ಕಚೇರಿ ಉಂಟು. ಫೋನ್ ನಂಬರ್ ಎಲ್ಲಿ?”

ಅದನ್ನು ಕೇಳಿ ನನಗೆ 2020 ನೆನಪಾಯಿತು. ಆ ಮಾರ್ಚಿನಲ್ಲಿ ಕೊರೋನ ಬಂದು ತಲಪಾಡಿಯಲ್ಲಿ ಗಡಿ ಮುಚ್ಚಿದರಲ್ಲ, ನಮ್ಮ ಕಡೆಯಿಂದ ದಿನವೂ ಮಂಗಳೂರಿನ ಆಸ್ಪತ್ರೆಗಳಿಗೆ ಹೋಗಿ ಬರುತ್ತಿದ್ದ ಮಕ್ಕಳು ಅತ್ತ ಸಿಕ್ಕಿಬಿದ್ದವರು ಅತ್ತ, ಇತ್ತ ಉಳಿದವರು ಇತ್ತ. ಯಾರಿಗೆ ಪಾಸು ಬೇಕು, ಯಾರಿಗೆ ಉಳಿಯಲು ಜಾಗ ಬೇಕು, ಯಾರ ಸಂಬಳ ಹಿಡಿದಿದ್ದಾರೆ ಎಂದು ತಿಳಿಯಲು ನಮ್ಮ ಸಂಘದಲ್ಲಿ ದಾರಿಯೇ ಇರಲಿಲ್ಲ. ಅವರವರೇ ವಾಟ್ಸ್ಆ್ಯಪ್ ಗುಂಪು ಮಾಡಿಕೊಂಡು ಸುಧಾರಿಸಿಕೊಂಡರು. ಹುಡುಗ ಈಗ ನಂಬರುಗಳನ್ನು ಸೇರಿಸುತ್ತಿದ್ದಾನೆ.

ಗಡಿಯಲ್ಲಿರುವ ನಮಗೆ ಇನ್ನೊಂದು ತೊಡಕು ಉಂಟು, ಊರ ಮಧ್ಯದವರಿಗೆ ಅದು ತಿಳಿಯುವುದಿಲ್ಲ. ಮನೆ ಕೇರಳದಲ್ಲಿ, ಓದು ಕರ್ನಾಟಕದಲ್ಲಿ. ಓದಿ ಮುಗಿಸಿದವಳ ನೋಂದಣಿ ಕರ್ನಾಟಕದ ಕೌನ್ಸಿಲ್‌ನಲ್ಲಿ. ಊರಿನಲ್ಲಿ ಕೆಲಸ ಬೇಕಾದರೆ ಅದನ್ನು ಕೇರಳದ ಕೌನ್ಸಿಲ್‌ಗೆ ಬದಲಾಯಿಸಿಕೊಳ್ಳಬೇಕು. ಅಲ್ಲಿಂದ ಪತ್ರ ಬರಬೇಕು, ಇಲ್ಲಿಂದ ಪರಿಶೀಲನೆ ಆಗಬೇಕು. ಕನ್ನಡ ಶಾಲೆಯಲ್ಲಿ ಓದಿದವಳಿಗೆ ಮಲೆಯಾಳದ ನೋಟೀಸು ಓದಲು ಬರುವುದಿಲ್ಲ, ಕಚೇರಿಯ ಇಂಗ್ಲಿಷಿಗೆ ಹೆದರಿಕೆ. ಒಬ್ಬಳು ಒಂದು ಸಹಿಗಾಗಿ ಎರಡು ಸಲ ಬೆಂಗಳೂರಿಗೆ ಹೋಗಿ ಬಂದಳು. ಈಗ ಹಾಗೆ ಅಲೆದವರೇ ಕೂತು, ಯಾವ ಅರ್ಜಿ, ಯಾವ ಪ್ರತಿ, ಎಷ್ಟು ಶುಲ್ಕ, ಯಾವುದರ ನಂತರ ಯಾವುದು ಎಂದು ಕನ್ನಡದಲ್ಲಿ ಎರಡು ಪುಟ ಬರೆದು ಇಟ್ಟಿದ್ದಾರೆ. ನಮ್ಮ ಸಂಘ ಇಷ್ಟು ವರ್ಷದಲ್ಲಿ ಅಚ್ಚು ಹಾಕಿಸಿದ ಎಲ್ಲ ಸ್ಮರಣಸಂಚಿಕೆಗಳಿಗಿಂತ ಆ ಎರಡು ಪುಟಕ್ಕೆ ಬೇಡಿಕೆ ಹೆಚ್ಚು. 2023ರಲ್ಲಿ ರಾಷ್ಟ್ರೀಯ ನರ್ಸಿಂಗ್ ಮತ್ತು ಮಿಡ್‌ವೈಫರಿ ಕಮಿಷನ್ನಿನ ಹೊಸ ಕಾಯಿದೆ ಆಗಿದೆ. ಅದರಿಂದ ಕ್ರಮ ಬದಲಾದಂತೆಲ್ಲ ಪುಟವನ್ನೂ ತಿದ್ದಬೇಕಾಗುತ್ತದೆ.

ವಿದೇಶದ ಮಾತು ಬಂದಾಗ ಹಿರಿಯರು ಬೇಸರಪಡುತ್ತಾರೆ: “ಹೋಗುವವರಿಗೆ ಸಂಘ ಏಕೆ?” ಹೋಗುವವರಿಗೇ ಹೆಚ್ಚು ಬೇಕು. 2015ರಲ್ಲಿ ಕೇಂದ್ರ ಸರಕಾರ, ಗಲ್ಫ್ ಸೇರಿ 18 ದೇಶಗಳಿಗೆ ನರ್ಸುಗಳ ನೇಮಕ ಸರಕಾರದ ಸಂಸ್ಥೆಗಳ ಮೂಲಕ ಆಗಬೇಕೆಂದು ಆಜ್ಞೆ ಮಾಡಿತು, ಏಜೆಂಟರು ಒಬ್ಬೊಬ್ಬರಿಂದ ಲಕ್ಷಗಟ್ಟಲೆ ಕಿತ್ತುಕೊಳ್ಳುತ್ತಿದ್ದರು ಎಂದು. ಕೇರಳದಲ್ಲಿ ನೋರ್ಕಾ ರೂಟ್ಸ್, ಒಡೆಪೆಕ್ ಎಂಬ ಎರಡು ಸಂಸ್ಥೆಗಳು ಆ ಕೆಲಸ ಮಾಡುತ್ತವೆ. ಈ ಹೆಸರುಗಳನ್ನು ಕೇಳದ ಮಕ್ಕಳು ನಮ್ಮ ಊರಲ್ಲಿ ಇನ್ನೂ ಇದ್ದಾರೆ, ಮನೆ ಅಡವಿಟ್ಟು ಏಜೆಂಟನಿಗೆ ಕೊಟ್ಟ ತಂದೆಯರೂ ಇದ್ದಾರೆ. ಹಣ ಕೊಡುವ ಮೊದಲು ಒಂದು ಸಲ ನಮಗೆ ತೋರಿಸಿ ಎಂದು ಹೇಳುವಷ್ಟಾದರೂ ಸಂಘದಿಂದ ಆಗಬೇಕು.

ಚಂದಾದ ವಿಷಯದಲ್ಲಿ ನಮ್ಮಲ್ಲಿ ಜಗಳವೇ ಆಯಿತು. ಮೊದಲ ಎರಡು ವರ್ಷ ಹೊಸಬರಿಗೆ ತಿಂಗಳಿಗೆ ಹತ್ತೇ ರೂಪಾಯಿ, ಅದನ್ನು ಕೈಯಿಂದಲೇ ಎತ್ತುವುದು ಎಂದು ತೀರ್ಮಾನವಾಯಿತು. ಹಿರಿಯ ಸದಸ್ಯೆಯೊಬ್ಬರು ಎದ್ದು ನಿಂತು, “ನಾನು ಮೂವತ್ತು ವರ್ಷ ಕಟ್ಟಿದವಳು. ನಿನ್ನೆ ಹತ್ತು ರೂಪಾಯಿ ಕೊಟ್ಟವಳಿಗೆ ಇವತ್ತು ಪತ್ರ ಬರೆದುಕೊಡುತ್ತೀರಿ. ಇದು ನ್ಯಾಯವೋ?” ಎಂದು ಕೇಳಿದರು. ಅವರ ಮಾತಿನಲ್ಲಿಯೂ ಸತ್ಯ ಉಂಟು, ನಾನು ತಳ್ಳಿಹಾಕುವುದಿಲ್ಲ. ದ್ರಾಕ್ಷೇತೋಟದ ಕೂಲಿಯಾಳುಗಳ ಸಾಮ್ಯವನ್ನು ನಾವೆಲ್ಲ ಭಾನುವಾರದ ಶಾಲೆಯಲ್ಲಿ ಕಲಿತಿದ್ದೇವೆ. ಹೊತ್ತು ಮುಳುಗುವ ಹೊತ್ತಿಗೆ ಬಂದವನಿಗೂ ಮುಂಜಾನೆ ಬಂದವನಷ್ಟೇ ಕೊಟ್ಟದ್ದಕ್ಕೆ ಗುಣುಗುಟ್ಟಿದವರ ಮೇಲೆ ಚಿಕ್ಕಂದಿನಲ್ಲಿ ನನಗೆ ಸಿಟ್ಟಿತ್ತು. ಇಡೀ ಹಗಲು ಬಿಸಿಲಲ್ಲಿ ದುಡಿದವರಿಗೆ ಹೊಟ್ಟೆಯುರಿಯುವುದು ಸಹಜವೆಂದು ಈ ಪ್ರಾಯದಲ್ಲಿ ಅರ್ಥವಾಗಿದೆ. ಆದರೂ ಕೊಡಬೇಕಾಗುತ್ತದೆ. ಮೂವತ್ತು ವರ್ಷ ಕಟ್ಟಿದವಳಿಗೆ ಪತ್ರದ ಅಗತ್ಯವಿಲ್ಲ, ಹತ್ತು ರೂಪಾಯಿ ಕೊಟ್ಟವಳಿಗೆ ಉಂಟು. ಆ ಸದಸ್ಯೆಯೇ ಈಗ ತಮ್ಮ ಆಸ್ಪತ್ರೆಯಲ್ಲಿ ಚಂದಾ ಎತ್ತುವವರು. ಸಿಟ್ಟು ಇಳಿದಿದೆಯೋ ಇಲ್ಲವೋ ಗೊತ್ತಿಲ್ಲ, ಚಂದಾ ಮಾತ್ರ ಸರಿಯಾಗಿ ಬರುತ್ತದೆ.

ಹೊಸಬರು ಈ ವರ್ಷ 17 ಮಂದಿ ಸೇರಿದ್ದಾರೆ. ಬಹಳವೆಂದು ಹೇಳುವ ಸಂಖ್ಯೆ ಅಲ್ಲ. ಅದರಲ್ಲಿ ಐವರು ಈಗಾಗಲೇ ಬರುವುದು ನಿಲ್ಲಿಸಿದ್ದಾರೆ. ಇಬ್ಬರು ಜರ್ಮನ್ ಕಲಿಯುತ್ತಿದ್ದಾರೆ, ಹೋಗಿಬಿಡುತ್ತಾರೆ. ಎಳೆಯರ ಜೊತೆ ಕೆಲಸ ಮಾಡುವುದು ಸುಲಭವೆಂದು ತಿಳಿಯಬೇಡಿ. ನಡಾವಳಿ ಬರೆ ಎಂದರೆ ಫೋಟೋ ತೆಗೆದು ಹಾಕುತ್ತಾರೆ. ಆರಕ್ಕೆ ಎಂದರೆ ಆರೂಮುಕ್ಕಾಲು. ನಮ್ಮ ಎದುರೇ, “ನಿಮ್ಮ ಕಾಲದಲ್ಲಿ ನೀವು ಕೇಳಿದ್ದರೆ ನಮಗೆ ಈ ಗತಿ ಬರುತ್ತಿರಲಿಲ್ಲ” ಎನ್ನುತ್ತಾರೆ. ಈ ಮಾತಿಗೆ ನನ್ನಲ್ಲಿ ಉತ್ತರವಿಲ್ಲ. ಕೇಳಿಸಿಕೊಂಡು ಕೂರುತ್ತೇನೆ.

2012ರ ಆ ಆರು ಹೆಸರುಗಳಲ್ಲಿ ಒಬ್ಬಳನ್ನು ಹೋದ ತಿಂಗಳು ಹುಡುಕಿಕೊಂಡು ಹೋದೆ. ಉಪ್ಪಳದ ಹತ್ತಿರ ಮದುವೆಯಾಗಿ ಇದ್ದಾಳೆ, ಡಯಾಲಿಸಿಸ್ ಘಟಕದಲ್ಲಿ ಕೆಲಸ. ಪಟ್ಟಿ ಬರೆದುಕೊಟ್ಟವಳು ನಾನೇ ಎಂದು ಹೇಳಿದೆ. “ಗೊತ್ತಿತ್ತು ಸಿಸ್ಟರ್” ಎಂದಳು. ಚಹಾ ಕೊಟ್ಟಳು. ಸಂಘಕ್ಕೆ ಬಾ ಎಂದು ಕರೆಯಲು ನನಗೆ ಬಾಯಿ ಬರಲಿಲ್ಲ. ಆ ಎರಡು ಪುಟದ ಕಾಗದವನ್ನು ಮೇಜಿನ ಮೇಲೆ ಇಟ್ಟು ಬಂದೆ. ಅವಳ ತಂಗಿ ಈಗ ಮಂಗಳೂರಿನಲ್ಲಿ ಕೊನೆಯ ವರ್ಷ ಓದುತ್ತಿದ್ದಾಳಂತೆ.

ನಮ್ಮ ತಿಂಗಳ ಸಭೆ ಈಗ ಭಾನುವಾರ ಸಂಜೆ ಅಲ್ಲ. ಮೊದಲ ಮಂಗಳವಾರ ಬೆಳಿಗ್ಗೆ ಒಂಬತ್ತಕ್ಕೆ, ರಾತ್ರಿ ಪಾಳಿ ಇಳಿದವರು ಮನೆಗೆ ಹೋಗುವ ದಾರಿಯಲ್ಲಿ ಬಂದು ಹೋಗಲಿ ಎಂದು. ಮತ್ತೆ ಮೂರನೆಯ ಗುರುವಾರ ಸಂಜೆ ಐದಕ್ಕೆ, ಹಗಲು ಪಾಳಿಯವರಿಗೆ. ಭಾಷಣ ಇಲ್ಲ. ಒಂದು ಮೇಜು, ಲೆಟರ್‌ಹೆಡ್ಡು, ಮುದ್ರೆ, ಇಬ್ಬರು ಕೂತಿರುತ್ತಾರೆ. ಮಂಗಳವಾರ ಬಂದವರಿಗೆ ಅವಲಕ್ಕಿ, ಚಹಾ ಉಂಟು. ನಿಮ್ಮ ಮನೆಗಳಲ್ಲಿ, ನೆರೆಯಲ್ಲಿ ನರ್ಸಿಂಗ್ ಓದಿ ಹೊರಬಿದ್ದ ಮಕ್ಕಳಿದ್ದರೆ ದಯವಿಟ್ಟು ಹೇಳಿ ಕಳುಹಿಸಿ. ಸದಸ್ಯರಾಗಬೇಕೆಂದಿಲ್ಲ, ಕಾಗದಪತ್ರ ಮಾತ್ರ ತರಲಿ.